ಇಳಕಲ್ ಸೆರಗಿಗೆ ವಯಸ್ಸಿಲ್ಲ

ಐವತ್ತು ದಾಟಿದ ಹೆಂಗಸು ಸೀರೆ ಅಂಗಡಿಗೆ ಹೋದರೆ ಮುಂಬಯಿಯಲ್ಲಿ ಮೊದಲು ಹರಡುವುದು ಬೂದಿ ಬಣ್ಣದ ಸೀರೆ. ಬೇಡವೆಂದರೆ ತಿಳಿ ಬೂದಿ. "ನಿಮ್ಮ ವಯಸ್ಸಿಗೆ ಒಪ್ಪುತ್ತದೆ" ಎಂಬ ಮಾತು ಉಚಿತ. ನನಗೀಗ 56. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾರೆ. ಆದರೆ ಗಿಳಿಹಸಿರು ಕಂಡರೆ ಮಾತ್ರ ಕಣ್ಣಿಗೆ ಇನ್ನೂ ಇಪ್ಪತ್ತೇ! ಈ ಬೂದಿ ಬಣ್ಣದ ಕಾಯಿದೆ ನಡೆಯದ ಊರೊಂದಿದೆ, ಇಳಕಲ್. ಕಳೆದ ಡಿಸೆಂಬರಿನಲ್ಲಿ ನಮ್ಮವರನ್ನು ಹೊರಡಿಸಿಕೊಂಡು ಅಲ್ಲಿಗೆ ಹೋಗಿಬಂದೆ.

ಮುಂಬಯಿಯಿಂದ ಸೊಲ್ಲಾಪುರ, ವಿಜಯಪುರ ಮಾರ್ಗವಾಗಿ ರೈಲಿನಲ್ಲಿ ಬಾಗಲಕೋಟೆಗೆ. ಅಲ್ಲಿಂದ ಬಸ್ಸಿನಲ್ಲಿ ಹುನಗುಂದ ದಾಟಿದರೆ ಇಳಕಲ್. ನಾವು ಶಾಲೆಯಲ್ಲಿ ಓದುವಾಗ ಅದು ವಿಜಾಪುರ ಜಿಲ್ಲೆಯ ಊರು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು.

ಬಸ್ ನಿಲ್ದಾಣದಲ್ಲೇ ನನ್ನ ಪ್ರವಾಸ ಸಾರ್ಥಕವಾಯಿತು. ಎಪ್ಪತ್ತು ಮೀರಿದ ಅಜ್ಜಿಯರು ದಾಳಿಂಬೆ ಕೆಂಪು, ನವಿಲುಬಣ್ಣದ ಸೀರೆ ಉಟ್ಟು, ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟು, ತಲೆಯ ಮೇಲೆ ಕೆಂಪು ಸೆರಗು ಹೊದ್ದು ಗಂಟುಮೂಟೆಗಳ ಮಧ್ಯೆ ರಾಣಿಯರಂತೆ ಕುಳಿತಿದ್ದರು. ನೀವು 'ಕಾಂಟ್ರಾಸ್ಟ್ ಮ್ಯಾಚಿಂಗ್' ಎನ್ನುವುದನ್ನು ಇವರಿಗೆ ಯಾವ ಫ್ಯಾಶನ್ ಪತ್ರಿಕೆಯೂ ಕಲಿಸಬೇಕಾಗಿಲ್ಲ.

ನೇಕಾರರ ಮನೆಯೊಂದಕ್ಕೆ ಹೋದೆವು. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ. ನೇಕಾರ ಕುಣಿಯೊಳಗೆ ಕಾಲಿಳಿಬಿಟ್ಟು ತುಳಿಯುತ್ತಾರೆ. ಇಳಕಲ್ ಸೀರೆಯ ಗುಟ್ಟು ಇರುವುದು ಹಾಸಿನಲ್ಲಿ. ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಬೇಕು. ಆದ್ದರಿಂದ ಒಂದು ಹಾಸಿಗೆ ಒಂದೇ ಸೀರೆ. ಮುಂದಿನದಕ್ಕೆ ಮತ್ತೆ ಮೊದಲಿಂದ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಸಾಲುಗಟ್ಟಿ ಏಳುವ ವಿನ್ಯಾಸವೇ 'ಟೋಪ ತೆನಿ'. ಅಂಚಿಗೆ ಚಿಕ್ಕಿ, ಗೋಮಿ, ಗಾಡಿ ಎಂದು ಹೆಸರುಗಳು.

ನಮ್ಮವರು ಮೆಲ್ಲಗೆ, "ಸ್ವಲ್ಪ ತಿಳಿ ಬಣ್ಣದ್ದು ತೋರಿಸಿ, ವಯಸ್ಸಾದವರಿಗೆ" ಎಂದರು. ಕಂಡಿಕೆ ಸುತ್ತುತ್ತಿದ್ದ ನೇಕಾರರ ತಾಯಿ ಕೈ ನಿಲ್ಲಿಸಿದರು. "ಯಾರಿಗ್ರೀ ವಯಸ್ಸಾಗಿದ್ದು? ಮದಲಗಿತ್ತಿಗೂ ಇದ ಸೆರಗು, ಮುದುಕಿಗೂ ಇದ ಸೆರಗು. ತಿಳಿ ಬಣ್ಣ ನಿಮಗ ಬೇಕಾದ್ರ ಹೇಳ್ರಿ ಸಾಹೇಬ್ರ, ಅಂಗಿಗೆ ಅರಿವಿ ಕೊಡಸ್ತೀನಿ." ನಮ್ಮವರು ಆಮೇಲೆ ಚಹಾ ಕುಡಿಯುವುದರಲ್ಲೇ ತಲ್ಲೀನರಾದರು. ನಾನು ಗಿಳಿಹಸಿರು ಆರಿಸಿದೆ.

ಆ ಮಾತಿಗೆ ನಾನು ನಕ್ಕೆ, ಆದರೆ ನನ್ನ ಅಮ್ಮನ ನೆನಪಾಯಿತು. ಐವತ್ತು ತುಂಬಿದ ವರ್ಷ ಅವಳು ಬಣ್ಣದ ಸೀರೆಗಳನ್ನೆಲ್ಲ ಸೊಸೆಯಂದಿರಿಗೆ ಹಂಚಿ, ಮುಂದಿನ ಇಪ್ಪತ್ತು ವರ್ಷ ಮಾಸಲು ಬಣ್ಣದಲ್ಲೇ ಕಳೆದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಅದು ಲೋಕರೂಢಿ ಅಷ್ಟೆ. ಹಂಚುವ ದಿನ ಒಂದು ಮಾವಿನ ಚಿಗುರು ಬಣ್ಣದ ಸೀರೆಯನ್ನು ಎರಡು ಸಲ ಮಡಿಸಿದ್ದು ಮಾತ್ರ ನನಗೆ ಮರೆತಿಲ್ಲ.

ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳೇ, ನಿಮ್ಮ ಮರಾಠಿ ಗೆಳೆಯರ ಅಜ್ಜಿಯರು 'ಇರಕಲ' ಎಂದು ಪ್ರೀತಿಯಿಂದ ಉಡುವ 9 ಗಜದ ಸೀರೆ ಈ ನಮ್ಮ ಇಳಕಲ್ಲಿನದೇ. ಪವರ್‌ಲೂಮಿನ ನಕಲು ಅಗ್ಗಕ್ಕೆ ಸಿಗುತ್ತದೆ ನಿಜ. ಕೊಳ್ಳುವ ಮುನ್ನ ಮೈಗೂ ಸೆರಗಿಗೂ ಕೂಡುವ ಜಾಗದಲ್ಲಿ ಸೀರೆಯನ್ನು ತಿರುವಿ, ಕೊಂಡಿಯ ಸಾಲು ಇದೆಯೇ ನೋಡಿ. ಆ ಸಾಲಿನಲ್ಲಿ ಒಂದು ಮನೆಯವರೆಲ್ಲರ ದುಡಿಮೆಯಿದೆ.

ಇನ್ನೊಂದು ಮಾತು. ನಿಮ್ಮಮ್ಮ ಕಪಾಟು ತೆರೆದು, "ಇದೆಲ್ಲ ಇನ್ನು ನನಗ್ಯಾಕೆ, ನೀನೇ ಇಟ್ಟುಕೋ" ಎಂದ ದಿನ ಸೀರೆಗಳನ್ನು ಮರಳಿ ಒಳಗಿಡಿ. ಒಂದನ್ನು ಮಾತ್ರ ಹೊರಗಿಟ್ಟು, ಸಂಜೆ ಉಡಿಸಿ, ಸಂಘದ ಕಾರ್ಯಕ್ರಮಕ್ಕೆ ಕರೆತನ್ನಿ. ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ. ಗಿಳಿಹಸಿರು ದೂರಕ್ಕೂ ಕಾಣುತ್ತದೆ.