ಹದಿಮೂರು ರೂಪಾಯಿ ಬಾಕಿ

ಕಳೆದ ತಿಂಗಳು ಗೆಳೆಯನೊಬ್ಬನ ಮಾವನವರ ಪುಣ್ಯದಿಂದ ಬೆಂಗಳೂರು ಕ್ಲಬ್ಬಿನೊಳಗೆ ಕಾಲಿಡುವ ಯೋಗ ಬಂತು. ಹೋಗಿದ್ದು ಊಟಕ್ಕೆ. ಆದರೆ ಅಲ್ಲಿಗೆ ಹೋದವರೆಲ್ಲ ನೋಡಿ ಬರುವ ಆ ಹಳೇ ಲೆಕ್ಕದ ಪುಸ್ತಕವನ್ನೂ ನೋಡಿದೆ. ವಸೂಲಾಗದ ಬಾಕಿಗಳ ಪಟ್ಟಿ, 1899ರ ಜೂನ್ 1. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್, 13 ರೂಪಾಯಿ. ಹೌದು, ಅದೇ ವಿನ್‌ಸ್ಟನ್ ಚರ್ಚಿಲ್! 1896ರಲ್ಲಿ ಕುದುರೆ ದಳದ ಜೊತೆ ನಮ್ಮ ದಂಡಿಗೆ ಬಂದ ಹುಡುಗ. ಪೋಲೋ ಆಡಿಕೊಂಡು, ಚಿಟ್ಟೆ ಹಿಡಿದುಕೊಂಡು, ಗುಲಾಬಿ ಬೆಳೆಸಿಕೊಂಡು... ಕೊನೆಗೆ ದುಡ್ಡು ಕೊಡದೆ ಹೋಗಿಬಿಟ್ಟ :-)

ಎಲ್ಲರಂತೆ ನಾನೂ ನಕ್ಕೆ. ರಾತ್ರಿ ಹಲಸೂರಿನ ಮನೆಗೆ ಬಂದು, ಈ ಮನುಷ್ಯ ಇನ್ನೇನೇನು ಮಾಡಿದ ಅಂತ ಅಂತರ್ಜಾಲದಲ್ಲಿ ಹುಡುಕುತ್ತಾ ಕೂತೆ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹಾರುತ್ತಾ ಗಂಟೆ ಒಂದಾಯಿತು. ನಗು ಎಲ್ಲೋ ದಾರಿಯಲ್ಲೇ ನಿಂತುಹೋಗಿತ್ತು.

1919ರ ಮೇ ತಿಂಗಳು. ಚರ್ಚಿಲ್ ಈಗ ಬ್ರಿಟನ್ನಿನ ಯುದ್ಧ ಮಂತ್ರಿ. ವಾಯವ್ಯ ಗಡಿಯ ಬುಡಕಟ್ಟುಗಳ ಮೇಲೆ ವಿಷಾನಿಲ ಬಳಸಬಹುದೇ ಎಂಬ ಚರ್ಚೆ. 'ನಾಗರಿಕತೆ ಇಲ್ಲದ' ಬುಡಕಟ್ಟುಗಳ ಮೇಲೆ ಬಳಸುವುದಕ್ಕೆ ತನ್ನ ಪೂರ್ಣ ಬೆಂಬಲವಿದೆ ಎಂದು ಆತ ಟಿಪ್ಪಣಿ ಬರೆದ. ತೀರಾ ಕೊಲ್ಲುವ ಅನಿಲವೇ ಬೇಕಿಲ್ಲ, ಕಣ್ಣೀರು ಬರಿಸಿ ಹೆದರಿಸುವಂಥದ್ದೂ ಸಾಕು ಎಂದೂ ಅದೇ ಟಿಪ್ಪಣಿಯಲ್ಲಿದೆ. ಪೂರ್ತಿ ಹೇಳಬೇಕಲ್ಲ, ಅದಕ್ಕೆ ಹೇಳಿದೆ.

ಅಲ್ಲಿಂದ ಮುಂದಿನ ಕೊಂಡಿ ರಾವಲ್ಪಿಂಡಿ. ಇದನ್ನು ಚರ್ಚಿಲ್ ಮಾಡಿಸಿದ ಅಂತಲ್ಲ, ವಿಷಾನಿಲದ ಬಗ್ಗೆ ಓದುತ್ತಾ ಹೋದರೆ ಅಲ್ಲಿಗೆ ಹೋಗಿ ನಿಲ್ಲುತ್ತೀರಿ. ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿ 1916ರಿಂದ ರಾಸಾಯನಿಕ ಅಸ್ತ್ರಗಳ ಪ್ರಯೋಗಾಲಯವಿದೆ. ಅಲ್ಲಿನ ವಿಜ್ಞಾನಿಗಳು 1930ರ ದಶಕದಲ್ಲಿ ರಾವಲ್ಪಿಂಡಿಗೆ ಬಂದು, ಎರಡನೇ ಮಹಾಯುದ್ಧದ ಕಾಲದವರೆಗೂ ನೂರಾರು ಭಾರತೀಯ ಸಿಪಾಯಿಗಳ ಮೇಲೆ ಮಸ್ಟರ್ಡ್ ಗ್ಯಾಸ್ ಪರೀಕ್ಷಿಸಿದರು. 2007ರ ಸೆಪ್ಟೆಂಬರ್ 1ರಂದು ಗಾರ್ಡಿಯನ್ ಪತ್ರಿಕೆ ಹಳೇ ಸರ್ಕಾರಿ ಕಡತಗಳಿಂದ ಇದನ್ನು ಹೊರಗೆ ತಂದಿತು.

ಮಸ್ಟರ್ಡ್ ಗ್ಯಾಸ್‌ಗೂ ಸಾಸಿವೆಗೂ ಸಂಬಂಧವಿಲ್ಲ. ಅದು ನಿಜವಾಗಿ ಗ್ಯಾಸೂ ಅಲ್ಲ, ಎಣ್ಣೆಯಂಥ ದ್ರವ. ತಾಗಿದ ತಕ್ಷಣ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳಾದ ಮೇಲೆ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ. ಬೆವರುವ ಜಾಗಗಳಲ್ಲಿ ಇನ್ನೂ ಜೋರು. ಕ್ಯಾನ್ಸರ್ ಕೂಡ ತರಬಲ್ಲದು. ಭಾರತೀಯರ ಚರ್ಮಕ್ಕೆ ಬ್ರಿಟಿಷರ ಚರ್ಮಕ್ಕಿಂತ ಹೆಚ್ಚು ಹಾನಿಯಾಗುತ್ತದೆಯೇ ಎಂದು ತಿಳಿಯಬೇಕಿತ್ತು ಆ ವಿಜ್ಞಾನಿಗಳಿಗೆ. ಕೆಲವರನ್ನು ಬರೀ ಚಡ್ಡಿ, ಹತ್ತಿ ಅಂಗಿಯಲ್ಲಿ ಅನಿಲದ ಕೋಣೆಗೆ ಕಳಿಸಿದ್ದರು. ಸುಟ್ಟಗಾಯಗಳಾಗಿ ಎಷ್ಟೋ ಜನ ಆಸ್ಪತ್ರೆ ಸೇರಿದರು.

ಮಾರನೇ ದಿನ ಇದನ್ನು ನಮ್ಮ ಮನೆ ಓನರ್ ತಾತನಿಗೆ ಹೇಳಿದೆ. ಅವರು ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ರಿಟೈರ್ ಆದವರು. ಕೆರೆ ಪಕ್ಕದ ಎಂಇಜಿ ಸೆಂಟರ್ ಬಿಟ್ಟು ದೂರ ಇರಲಾಗದೆ ಇಲ್ಲೇ ಮನೆ ಕಟ್ಟಿಸಿದವರು.

"ತಾತ, ಅವರೆಲ್ಲ ಒಪ್ಪಿ ಹೋಗಿರ್ತಾರಾ?"

"ಏನಪ್ಪಾ ನೀನು! ಸುಬೇದಾರ್ ಸಾಬ್ ಎಲ್ಲರನ್ನೂ ಲೈನಲ್ಲಿ ನಿಲ್ಲಿಸಿ, ಬರೋರು ಒಂದು ಹೆಜ್ಜೆ ಮುಂದೆ ಬನ್ನಿ ಅಂದ್ರೆ, ನಿಂತಲ್ಲೇ ನಿಂತ್ಕೊಳ್ಳೋಕೇ ಜಾಸ್ತಿ ಧೈರ್ಯ ಬೇಕು."

ಬ್ರಿಟಿಷ್ ಸೈನಿಕರನ್ನೂ ಪೋರ್ಟನ್ ಬಿಡಲಿಲ್ಲ. 1953ರ ಮೇ 6ರಂದು ರೊನಾಲ್ಡ್ ಮ್ಯಾಡಿಸನ್ ಎಂಬ 20 ವರ್ಷದ ವಾಯುಸೇನೆಯ ಹುಡುಗನ ತೋಳಿನ ಮೇಲೆ ಸರಿನ್ ಹನಿಸಿದರು. ಆತ ಸತ್ತುಹೋದ. 51 ವರ್ಷಗಳಾದ ಮೇಲೆ, 2004ರಲ್ಲಿ, ಅದು ಕಾನೂನುಬಾಹಿರ ಹತ್ಯೆ ಎಂಬ ತೀರ್ಪು ಬಂತು. 2008ರಲ್ಲಿ ಬ್ರಿಟಿಷ್ ಸರ್ಕಾರ ಪೋರ್ಟನ್‌ನ 360 ಮಾಜಿ ಸೈನಿಕರಿಗೆ 30 ಲಕ್ಷ ಪೌಂಡ್ ಪರಿಹಾರ ಒಪ್ಪಿಕೊಂಡಿತು. ರಾವಲ್ಪಿಂಡಿಯ ಸಿಪಾಯಿಗಳು? ಪ್ರಯೋಗ ಮುಗಿದ ಮೇಲೆ ಅವರಿಗೆ ಏನಾಯಿತು ಅಂತ ಸೇನೆ ವಿಚಾರಿಸಲೇ ಇಲ್ಲ ಎನ್ನುತ್ತದೆ ಪತ್ರಿಕೆಯ ವರದಿ.

ಈ ಸಾಲು ಓದಿದಾಗ ಮೌಸ್ ಮೇಲಿದ್ದ ಕೈ ಹಾಗೇ ನಿಂತಿತು. ಯಾಕೆ ಅಂತ ಹೇಳಿಬಿಡುತ್ತೇನೆ. ಹಿಂದಿನ ಕಂಪನಿಯಲ್ಲಿದ್ದಾಗ ಡೆಲಿವರಿ ಹುಡುಗರ ಆ್ಯಪ್‌ನಲ್ಲಿ ಆರ್ಡರ್ ಹಂಚುವ ರೀತಿಯನ್ನು ಕೆಲವರಿಗೆ ಮಾತ್ರ, ಅವರಿಗೆ ತಿಳಿಸದೆ, ಬದಲಿಸಿ ನೋಡಿದ್ದೆವು. ಎರಡು ವಾರ. ಕೋಡ್ ಬರೆದವನು ನಾನೇ. ನನ್ನ ಪರದೆಯ ಮೇಲೆ ಅವರ ಹೆಸರು 'ಗುಂಪು ಬಿ'. ಗ್ರಾಫ್ ಚೆನ್ನಾಗಿ ಬಂತು, ಕೇಕ್ ಕತ್ತರಿಸಿದೆವು. ಆ ಎರಡು ವಾರ ಯಾರ ಸಂಪಾದನೆ ಎಷ್ಟು ಕಡಿಮೆಯಾಯಿತು ಅಂತ ನಾನು ಕೇಳಲಿಲ್ಲ. ಸುಟ್ಟ ಚರ್ಮಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ, ಗೊತ್ತು. ಆದರೆ ಆಮೇಲೆ ವಿಚಾರಿಸದೇ ಇರುವುದು ಎಷ್ಟು ಸುಲಭ ಅನ್ನೋದು ನನಗೆ ಗೊತ್ತು. ಅದಕ್ಕೆ ಕ್ರೂರಿಯಾಗಿರಬೇಕಿಲ್ಲ. ಕೆಲಸ ಮುಗಿಸಿ ಕೆ.ಆರ್. ಪುರಂನಲ್ಲಿ ಮೆಟ್ರೋ ಹತ್ತಿದರೆ ಸಾಕು.

13 ರೂಪಾಯಿಯ ಬಾಕಿಯನ್ನು ಹೆಸರು, ತಾರೀಕಿನ ಸಮೇತ ನೂರಿಪ್ಪತ್ತು ವರ್ಷಕ್ಕೂ ಮೇಲೆ ಜೋಪಾನ ಮಾಡಿದ್ದೇವೆ. ಮುಂದಿನ ಸಲ ಯಾರಾದರೂ ಚರ್ಚಿಲ್ ಬಾಕಿಯ ಜೋಕು ಹೇಳಿದರೆ ನಗುತ್ತೇನೆ, ಆಮೇಲೆ ರಾವಲ್ಪಿಂಡಿಯ ಬಾಕಿಯನ್ನೂ ಹೇಳುತ್ತೇನೆ. ನೀವೂ ಹೇಳ್ತೀರಲ್ಲ?