ಮಲ್ಪೆಯ ಚಳಿಗಾಲ

ಡಿಸೆಂಬರಿನಲ್ಲಿ ಮಲ್ಪೆ ಕಡಲತೀರದ ಬಳಿ ಉಳಿದುಕೊಂಡರೆ ಜನರನ್ನು ನೋಡುತ್ತಲೇ ದಿನ ಹೋಗುತ್ತದೆ. ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿ ಹಿಡಿದ ಮೀನುಗಾರ ಮಹಿಳೆಯರು ಬಂಗುಡೆಯ ಕಿವಿರು ಎತ್ತಿ ನೋಡಿ, ತಾಜಾ ಹೌದೋ ಅಲ್ಲವೋ ಎಂದು ಕ್ಷಣದಲ್ಲಿ ತೀರ್ಮಾನಿಸುತ್ತಾರೆ. ಇತ್ತ ಕೈರಂಪಣಿ ಮೀನುಗಾರರು ಬಲೆಯ ಎರಡೂ ತುದಿಯ ಹಗ್ಗ ಹಿಡಿದು ದಡದಿಂದಲೇ ಎಳೆಯುತ್ತಾರೆ. ಯಂತ್ರವಿಲ್ಲ, ತೋಳುಗಳಷ್ಟೇ.

ಬಿಸಿಲು ಏರುವ ಹೊತ್ತಿಗೆ ಶಾಲಾ ಪ್ರವಾಸದ ಬಸ್ಸುಗಳು. ಕೃಷ್ಣಮಠದ ದರ್ಶನ ಮುಗಿಸಿ ಬಂದ ವಿಜಯಪುರ, ಕಲಬುರಗಿಯ ಮಕ್ಕಳು. ಮೊದಲ ಸಲ ಕಡಲು ಕಂಡ ಹುಡುಗ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಸರ್, ಖರೇನ ಉಪ್ಪದರಿ!" ಎಂದು ಕೂಗುತ್ತಾನೆ. ಚಪ್ಪಲಿಗಳ ರಾಶಿ ಕಾಯುತ್ತ ನಿಂತ ಮಾಸ್ತರರು ಕಣ್ಣಲ್ಲೇ ತಲೆ ಎಣಿಸುತ್ತಿರುತ್ತಾರೆ. ಆ ಖುಷಿ, ಆ ಆತಂಕ ಎರಡೂ ನನ್ನವೇ ಅನಿಸುತ್ತವೆ.

ಆ ಆತಂಕ ಸುಮ್ಮನೆ ಅಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಚಳಿಗಾಲದ ಕಡಲು ಎಷ್ಟೇ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರಬಹುದು. ಮಕ್ಕಳನ್ನು ಕರೆತರುವ ಗುರುಗಳೇ, ಅವರಿಗೆ ಕಡಲು ಖಂಡಿತ ತೋರಿಸಿ. ಆದರೆ ಜೀವರಕ್ಷಕರು ಸೀಟಿ ಊದಿದ ತಕ್ಷಣ ಎಲ್ಲರನ್ನೂ ದಡಕ್ಕೆ ಕರೆದುಬಿಡಿ. ಮೊಣಕಾಲಿಗಿಂತ ಮೇಲಿನ ನೀರು ಮಕ್ಕಳಿಗೆ ಬೇಡವೇ ಬೇಡ.