ಗುಂಯ್ ಅನ್ನೋ ಚಕ್ರ

16 ವರ್ಷದ ಆಲ್ಟೊ ಅಂದ್ರೆ ಗ್ಯಾರೇಜಿನವರ ಉತ್ತರ ಒಂದೇ: ‘ಮಾರ್ಬಿಡಿ ಸಾರ್.’ ಆದರೆ ವಾರಕ್ಕೊಮ್ಮೆ ಅಮ್ಮ ಒಬ್ಬಳೇ ತುಮಕೂರಿಗೆ ಓಡಿಸಿಕೊಂಡು ಹೋಗೋದು ಇದನ್ನೇ. ಆರ್‌ಸಿಯನ್ನೂ ಇನ್ನು 5 ವರ್ಷಕ್ಕೆ ರಿನ್ಯೂ ಮಾಡಿಸಿದ್ದಾಗಿದೆ.

ಸದ್ದು ಹಿಡಿಯೋದೇ ಅರ್ಧ ಕೆಲಸ. ಬೇರಿಂಗ್ ಹೋದ್ರೆ ಗುಂಯ್ ಅನ್ನೋದು ವೇಗದ ಜೊತೆ ಏರುತ್ತೆ, ನ್ಯೂಟ್ರಲ್‌ಗೆ ಹಾಕಿದ್ರೂ ನಿಲ್ಲಲ್ಲ. ಎಡಕ್ಕೆ ತಿರುಗಿಸಿದಾಗ ಜಾಸ್ತಿಯಾಯ್ತು. ಆಗ ಭಾರ ಬೀಳೋದು ಬಲಕ್ಕೆ, ಹಾಗಾಗಿ ಅನುಮಾನ ಬಲಗಡೆ ಚಕ್ರದ ಮೇಲೆ. ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜ್ಯಾಕ್ ನಂಬೋರನ್ನ ಕಂಡ್ರೆ ನಂಗೆ ಭಯ), ಟೈರನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಲಟಕ್ ಅಂತು. ಅಮ್ಮ ಬ್ರೇಕ್ ಒತ್ತಿದಾಗ ಪ್ಲೇ ಮಾಯ. ಅಲ್ಲಿಗೆ ಬಾಲ್ ಜಾಯಿಂಟ್ ಅಲ್ಲ, ಬೇರಿಂಗೇ.

ಜೆ.ಸಿ. ರಸ್ತೆಯಿಂದ ಹೊಸದು ತಂದೆ. ಆಕ್ಸಲ್ ನಟ್ಟು ಚಕ್ರ ನೆಲದ ಮೇಲಿದ್ದಾಗಲೇ ಸಡಿಲ ಮಾಡಬೇಕು; ಪಾನಾಗೆ ಪೈಪು ಸಿಕ್ಕಿಸಿ ಅದರ ಮೇಲೆ ನಿಂತೆ. ನಕಲ್ ಬಿಚ್ಚಿದ್ದು ನಾನೇ, ಬೇರಿಂಗ್ ಕೂರಿಸೋಕೆ ಮಾತ್ರ ಲೇತ್ ಅಂಗಡಿಯ ಪ್ರೆಸ್. ಸುತ್ತಿಗೆಯಲ್ಲಿ ಒಳರಿಂಗಿಗೆ ಹೊಡೆದ್ರೆ ಏಟು ಗುಂಡುಗಳ ಮೂಲಕ ಹೋಗಿ ಹೊಸದರಲ್ಲೇ ಗುಳಿ ಬೀಳುತ್ತೆ.

ಮುಂದಿನ ಸರದಿ ಶಾಕ್ ಅಬ್ಸಾರ್ಬರ್‌ದು. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದ್ರೆ ಮುಖಾನೇ ಹೋಗುತ್ತೆ. ಅದನ್ನ ನಾನು ಮುಟ್ಟಲ್ಲ.